ಹೊಟ್ಟಿನಿಂದ ಗ್ರಾಫೀನ್: ಹಸಿರು ಇರುವುದು ದಾರಿಯಲ್ಲಿ

2011ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಜ್ಞಾನಿ ಜೇಮ್ಸ್ ಟೂರ್ ಅವರ ತಂಡ ಆರು ವಸ್ತುಗಳನ್ನು ಆರಿಸಿಕೊಂಡಿತು: ಬಿಸ್ಕತ್ತು, ಚಾಕೊಲೇಟ್, ಹುಲ್ಲು, ಪ್ಲಾಸ್ಟಿಕ್, ಜಿರಳೆಯ ಕಾಲು, ನಾಯಿಯ ಮಲ. ಒಂದೊಂದನ್ನೂ ತೆಳುವಾದ ತಾಮ್ರದ ಹಾಳೆಯ ಮೇಲಿಟ್ಟು, ಗಾಳಿ ತಾಕದಂತೆ ಹೈಡ್ರೋಜನ್ ಮತ್ತು ಆರ್ಗಾನ್ ಹಾಯಿಸುತ್ತ 1050 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರು. ಯಾವುದನ್ನಿಟ್ಟರೂ ಹಾಳೆಯ ಹಿಂಬದಿಯಲ್ಲಿ ಬೆಳೆದದ್ದು ಒಂದೇ, ಒಳ್ಳೆಯ ಗುಣಮಟ್ಟದ ಗ್ರಾಫೀನ್. ಇಂಗಾಲದ ಪರಮಾಣುವಿಗೆ ತಾನು ಎಲ್ಲಿಂದ ಬಂದೆ ಎಂಬ ನೆನಪಿರುವುದಿಲ್ಲ ಎಂದು ಆ ಪ್ರಯೋಗ ತೋರಿಸಿಕೊಟ್ಟಿತು. ಆಮೇಲೆ ಭತ್ತದ ಹೊಟ್ಟು, ತೆಂಗಿನ ಚಿಪ್ಪು, ಕಬ್ಬಿನ ಸಿಪ್ಪೆ, ಸೋಸಿ ಉಳಿದ ಕಾಫಿ ಚರಟ ಎಲ್ಲದರಿಂದಲೂ ಗ್ರಾಫೀನ್ ತೆಗೆದ ವರದಿಗಳು ಬರುತ್ತಲೇ ಇವೆ, ಪತ್ರಿಕೆಗಳು ‘ಕಸದಿಂದ ರಸ’ ಎಂಬ ತಲೆಬರಹ ಕೊಡುತ್ತಲೇ ಇವೆ. ಆದರೆ ಆ ಪ್ರಯೋಗದಿಂದ ಇನ್ನೊಂದು ಮಾತೂ ಹೊರಡುತ್ತದೆ. ಯಾವ ಇಂಗಾಲದಿಂದ ಬೇಕಾದರೂ ಗ್ರಾಫೀನ್ ಆಗುತ್ತದೆ ಎಂದಮೇಲೆ, ಕಚ್ಚಾವಸ್ತು ಸಸ್ಯದ ಕಸ ಎಂಬ ಒಂದೇ ಕಾರಣಕ್ಕೆ ಅದನ್ನು ಪರಿಸರಸ್ನೇಹಿ ಎನ್ನಲು ಬರುವುದಿಲ್ಲ. ಎಷ್ಟು ಇಂಧನ ಸುಟ್ಟೆವು, ಯಾವ ಆಮ್ಲ ಸುರಿದೆವು, ಎಷ್ಟು ನೀರಿನಲ್ಲಿ ತೊಳೆದೆವು, ಕೊನೆಗೆ ಕೈಗೆ ಬಂದದ್ದು ನಿಜಕ್ಕೂ ಗ್ರಾಫೀನೇ, ಅದು ಯಾವ ಕೆಲಸಕ್ಕೆ ಹೋಯಿತು ಎಂಬುದರ ಮೇಲೆ ಅದರ ಹಸಿರು ನಿಂತಿದೆ. ಈ ಲೆಕ್ಕ ಕೇಳದೆ ಹೊಟ್ಟಿನ ಗ್ರಾಫೀನನ್ನು ಮೆಚ್ಚಿಕೊಂಡರೆ ಒಂದು ಒಳ್ಳೆಯ ಅವಕಾಶವನ್ನು ನಾವೇ ಕೆಡಿಸುತ್ತೇವೆ.

ಮೊದಲು ಗ್ರಾಫೀನ್ ಎಂದರೇನು ಎಂಬುದು ಸ್ಪಷ್ಟವಾಗಬೇಕು. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ವೀಳ್ಯದೆಲೆಯ ಕವಳಿಗೆ ಎಂದುಕೊಂಡರೆ, ಅದರಿಂದ ಹರಿಯದಂತೆ ಬಿಡಿಸಿ ತೆಗೆದ ಒಂದೇ ಒಂದು ಎಲೆ ಗ್ರಾಫೀನ್. ಒಂದೇ ಪರಮಾಣುವಿನಷ್ಟು ದಪ್ಪ, ಆರು ಮೂಲೆಯ ಜಾಲದಂತೆ ಹೆಣೆದುಕೊಂಡ ಇಂಗಾಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರಗಳನ್ನು ಮತ್ತೆ ಮತ್ತೆ ಕಿತ್ತು ಇದನ್ನು ಬೇರ್ಪಡಿಸಿದರು. 2010ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಒಂದು ಗ್ರಾಂ ಗ್ರಾಫೀನನ್ನು ಪೂರ್ತಿ ಹರಡಿದರೆ ಎರಡೂ ಮೈ ಸೇರಿ ಸುಮಾರು 2,630 ಚದರ ಮೀಟರ್ ಆಗುತ್ತದೆ. ವಿದ್ಯುತ್ತನ್ನೂ ಶಾಖವನ್ನೂ ಬಹಳ ಚೆನ್ನಾಗಿ ಸಾಗಿಸುತ್ತದೆ. ಎಳೆತ ತಡೆಯುವ ಶಕ್ತಿಯಲ್ಲಿ ಅದೇ ದಪ್ಪದ ಉಕ್ಕು ಅದರ ಹತ್ತಿರಕ್ಕೂ ಬರದು. ಕಷ್ಟ ಇರುವುದು ಇದನ್ನು ಕಿಲೋಗಟ್ಟಲೆ, ಟನ್‌ಗಟ್ಟಲೆ ಮಾಡುವುದರಲ್ಲಿ. ಅತ್ಯುತ್ತಮ ಹಾಳೆ ಬೇಕೆಂದರೆ ಮೀಥೇನ್ ಅನಿಲವನ್ನು ಸುಮಾರು 1000 ಡಿಗ್ರಿಯಲ್ಲಿ ಒಡೆದು ತಾಮ್ರದ ಮೇಲೆ ಕೂರಿಸಬೇಕು, ಅದು ದುಬಾರಿ. ಪುಡಿಯಾಗಿ ಬೇಕೆಂದರೆ ಹಲವರು ಹಿಡಿಯುವುದು 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಪ್ರಕಟಿಸಿದ ವಿಧಾನವನ್ನು ಅಥವಾ ಅದರ ಯಾವುದಾದರೂ ಸುಧಾರಿತ ರೂಪವನ್ನು. ಅವರ ಮೂಲ ಪ್ರಮಾಣದಂತೆ ಒಂದು ಕಿಲೋ ಗ್ರಾಫೈಟಿಗೆ 23 ಲೀಟರ್ ಗಂಧಕಾಮ್ಲ, 3 ಕಿಲೋ ಪೊಟ್ಯಾಸಿಯಂ ಪರಮ್ಯಾಂಗನೇಟ್, ಅರ್ಧ ಕಿಲೋ ಸೋಡಿಯಂ ನೈಟ್ರೇಟ್ ಬೇಕು. ವಿಷಕಾರಿ ನೈಟ್ರೋಜನ್ ಆಕ್ಸೈಡ್ ಅನಿಲಗಳು ಏಳುತ್ತವೆ, ಮ್ಯಾಂಗನೀಸ್ ಬೆರೆತ ಆಮ್ಲದ ನೀರು ರಾಶಿಯಾಗಿ ಉಳಿಯುತ್ತದೆ. ಇದರ ಹಿಂದೆ ಗಣಿಯೂ ಇದೆ. ಜಗತ್ತಿನ ಗ್ರಾಫೈಟಿನಲ್ಲಿ ದೊಡ್ಡ ಪಾಲು ಚೀನಾದ್ದು, ಅದರ ರಫ್ತಿನ ಮೇಲೆ ಆ ದೇಶ 2023ರ ಡಿಸೆಂಬರಿನಲ್ಲಿ ನಿಯಂತ್ರಣ ಹೇರಿತು. ಅದಿರನ್ನು ಶುದ್ಧಮಾಡಲು ಅಪಾಯಕಾರಿ ಹೈಡ್ರೋಫ್ಲೋರಿಕ್ ಆಮ್ಲ ಬಳಸುವುದು ವಾಡಿಕೆ. ಹೊಲದ ಕಸದ ಕಡೆಗೆ ವಿಜ್ಞಾನಿಗಳ ಕಣ್ಣು ಹೊರಳಿದ್ದು ಇದರಿಂದಲೇ, ಮತ್ತು ಅದು ಸರಿಯಾದ ಹೊರಳು.

ಆದರೆ ಸಸ್ಯದ ಇಂಗಾಲ ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ. ಒಣಗಿದ ಸಸ್ಯದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. ಗಾಳಿಯಿಂದ ಎಲೆಗಳು ಹೀರಿಕೊಂಡದ್ದು. ಗಾಳಿಯಿಲ್ಲದೆ ಕಾಯಿಸಿದರೆ ನೀರು, ಟಾರು, ಅನಿಲಗಳು ಬಿಟ್ಟುಹೋಗಿ ಇದ್ದಿಲು ಉಳಿಯುತ್ತದೆ. ಇನ್ನೂ ಕಾಯಿಸಿದರೆ ಪದರ ಪದರವಾಗಿ ಗ್ರಾಫೈಟ್ ಆಗಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಹಾಗಾಗುವುದಿಲ್ಲ ಎಂಬುದನ್ನು 1951ರಲ್ಲೇ ರೊಸಾಲಿಂಡ್ ಫ್ರಾಂಕ್ಲಿನ್ ತೋರಿಸಿದ್ದರು. ಡಿಎನ್‌ಎ ರಚನೆಯ ಕಥೆಯಲ್ಲಷ್ಟೇ ನಾವು ನೆನೆಯುವ ಈ ಮಹಿಳೆ ಅದಕ್ಕೂ ಮೊದಲು ಕಲ್ಲಿದ್ದಲು ಮತ್ತು ಇದ್ದಿಲುಗಳ ಒಳರಚನೆಯನ್ನು ಎಕ್ಸ್-ಕಿರಣಗಳಿಂದ ಅಳೆದವರು, ಆ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ಕೆಲವು ಇಂಗಾಲಗಳು ಕಾದಂತೆ ಗ್ರಾಫೈಟಾಗುತ್ತವೆ, ಕೆಲವು 3000 ಡಿಗ್ರಿಗೆ ಏರಿಸಿದರೂ ಆಗುವುದಿಲ್ಲ ಎಂದು ಅವರು ಎರಡು ಗುಂಪು ಮಾಡಿದರು. ಪೆಟ್ರೋಲಿಯಂ ಪಿಚ್‌ನಂಥವು ಕಾದಾಗ ಮೊದಲು ಕರಗಿ ದ್ರವವಾಗುತ್ತವೆ, ಆಗ ಅಣುಗಳಿಗೆ ಸರಿದು ಸಾಲುಗೂಡಲು ಅವಕಾಶವಿರುತ್ತದೆ. ಮರ, ಹೊಟ್ಟು, ಚಿಪ್ಪುಗಳ ಸೆಲ್ಯುಲೋಸ್ ಮತ್ತು ಲಿಗ್ನಿನ್ ಆಮ್ಲಜನಕ ತುಂಬಿದ ದೊಡ್ಡ ಅಣುಗಳು. ಅವು ಕರಗುವ ಮೊದಲೇ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಿಗಿಯಾಗಿಬಿಡುತ್ತವೆ. ಪದರಗಳ ತುಣುಕುಗಳು ಇದ್ದಲ್ಲೇ ಅಡ್ಡಾದಿಡ್ಡಿಯಾಗಿ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಸಸ್ಯದ ಇದ್ದಿಲನ್ನು ಗ್ರಾಫೀನ್ ಮಾಡಬೇಕೆಂದರೆ ಅದರ ಸ್ವಭಾವದ ವಿರುದ್ಧ ಕೆಲಸ ಮಾಡಬೇಕು, ಅದಕ್ಕೆ ಶಾಖವನ್ನೋ ರಾಸಾಯನಿಕವನ್ನೋ ತೆರಲೇಬೇಕು. ಕಬ್ಬಿಣ ಅಥವಾ ನಿಕಲ್ ಲವಣ ಬೆರೆಸಿದರೆ 1000 ಡಿಗ್ರಿಯ ಒಳಗೇ ಪದರಗಳು ಮೂಡುತ್ತವೆ ನಿಜ. ಆದರೆ ಆಮೇಲೆ ಆ ಲೋಹವನ್ನು ಆಮ್ಲದಲ್ಲಿ ತೊಳೆದು ತೆಗೆಯುವ ಕೆಲಸ ಉಳಿಯುತ್ತದೆ.

ಭತ್ತದ ಹೊಟ್ಟಿನ ಉದಾಹರಣೆಯನ್ನೇ ನೋಡಿ. 2014ರಲ್ಲಿ ಜಪಾನಿನ ಸಂಶೋಧಕರು ಹೊಟ್ಟಿನ ಇದ್ದಿಲಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರ ಬೆರೆಸಿ 850 ಡಿಗ್ರಿಯಲ್ಲಿ ಕಾಯಿಸಿ ಗ್ರಾಫೀನ್ ತುಣುಕುಗಳನ್ನು ತೆಗೆದ ವಿವರ ಪ್ರಕಟವಾಯಿತು. ಸೊಗಸಾದ ವಿಜ್ಞಾನ. ಆದರೆ ಹೊಟ್ಟಿನ ತೂಕದ ಸುಮಾರು ಐದನೇ ಒಂದು ಪಾಲು ಬೂದಿ, ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಮೂಲವಸ್ತು. ಈ ಬಗೆಯ ವಿಧಾನಗಳಲ್ಲಿ ಕ್ಷಾರವನ್ನು ಇದ್ದಿಲಿನ ಹಲವು ಪಟ್ಟು ತೂಗಿ ಹಾಕುತ್ತಾರೆ. ಅದು ಸಿಲಿಕಾವನ್ನೂ ಕರಗಿಸುತ್ತದೆ, ಇಂಗಾಲದ ಒಂದು ಭಾಗವನ್ನೂ ತಿನ್ನುತ್ತದೆ. ಉಳಿದದ್ದನ್ನು ಕ್ಷಾರ ಹೋಗುವವರೆಗೆ ತೊಳೆಯಬೇಕು. ಆ ಕ್ಷಾರವನ್ನು ಮರಳಿ ಹಿಡಿದು ಬಳಸಿದರೆ, ಕರಗಿದ ಸಿಲಿಕೇಟನ್ನು ಬೇರೆ ಮಾರಾಟದ ವಸ್ತುವಾಗಿ ಮಾಡಿದರೆ ಲೆಕ್ಕ ಬೇರೆ. ಚರಂಡಿಗೆ ಬಿಟ್ಟರೆ ಹೊಟ್ಟಿನ ಮಾಲಿನ್ಯದ ಬದಲು ಕ್ಷಾರದ ಮಾಲಿನ್ಯ ಆದಂತಾಯಿತು, ಅಷ್ಟೇ. ಇದಕ್ಕಿಂತ ಬೇಸರ ತರಿಸುವ ಮಾದರಿ ಇನ್ನೊಂದಿದೆ. ಚಿಪ್ಪನ್ನೋ ಸಿಪ್ಪೆಯನ್ನೋ ಇದ್ದಿಲು ಮಾಡಿ, ಆ ಇದ್ದಿಲನ್ನು ಮತ್ತದೇ ಹಮ್ಮರ್ಸ್ ವಿಧಾನದ ಗಂಧಕಾಮ್ಲ, ಪರಮ್ಯಾಂಗನೇಟಿನಲ್ಲಿ ಮುಳುಗಿಸಿ, ಶೀರ್ಷಿಕೆಯಲ್ಲಿ ‘ಹಸಿರು’ ಎಂಬ ಪದ ಸೇರಿಸಿ ಪ್ರಕಟವಾಗುವ ಪ್ರಬಂಧಗಳು. ಗಣಿಯ ಗ್ರಾಫೈಟನ್ನು ಬದಲಿಸಿದ್ದರಿಂದ ಆಮ್ಲದ ಹೊರೆ ಒಂದು ತೊಟ್ಟೂ ಇಳಿದಿರುವುದಿಲ್ಲ.

ಕೈಗೆ ಬಂದದ್ದು ಗ್ರಾಫೀನೇ ಹೌದೇ ಎಂಬ ಪ್ರಶ್ನೆ ಇನ್ನೂ ಗಂಭೀರ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಒಂದೇ ಪದರವಿದ್ದರೆ ಗ್ರಾಫೀನ್, ಮೂರರಿಂದ ಹತ್ತು ಪದರಗಳಿದ್ದರೆ ‘ಕೆಲಪದರ ಗ್ರಾಫೀನ್’ ಎಂದು ಗೆರೆ ಎಳೆದಿದೆ. ಅದಕ್ಕಿಂತ ದಪ್ಪವಿದ್ದದ್ದು ಸಣ್ಣಗೆ ಪುಡಿಯಾದ ಗ್ರಾಫೈಟ್. 2018ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜಗತ್ತಿನ 60 ಕಂಪನಿಗಳ ‘ಗ್ರಾಫೀನ್’ ಪುಡಿಯನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಹತ್ತು ಪದರಕ್ಕಿಂತ ತೆಳುವಾದದ್ದು ಶೇ 10ರಷ್ಟೂ ಇರಲಿಲ್ಲ, ಶೇ 50 ದಾಟಿದ್ದು ಒಂದೂ ಇರಲಿಲ್ಲ. ಗ್ರಾಫೈಟಿನಿಂದ ಹೊರಟವರ ಕಥೆಯೇ ಹೀಗಿರುವಾಗ, ಅಡ್ಡಾದಿಡ್ಡಿ ಇದ್ದಿಲಿನಿಂದ ಹೊರಟವರ ಮಾತನ್ನು ಪರೀಕ್ಷೆಯಿಲ್ಲದೆ ಒಪ್ಪುವುದು ಹೇಗೆ? ಪರೀಕ್ಷೆಗೆ ಬೇಕಾದ ಮುಖ್ಯ ಸಾಧನ ನಮಗೆ ಹೊಸದೇನಲ್ಲ. 1928ರಲ್ಲಿ ಸಿ.ವಿ. ರಾಮನ್ ಕಲ್ಕತ್ತದಲ್ಲಿ ಕಂಡುಹಿಡಿದ, ಅವರು ಬೆಂಗಳೂರಿಗೆ ಬಂದ ಮೇಲೂ ಬೆಳೆಸಿದ ಬೆಳಕಿನ ಚದುರುವಿಕೆಯ ವಿದ್ಯೆಯೇ ಇಂದು ಜಗತ್ತಿನ ಗ್ರಾಫೀನ್ ಪ್ರಯೋಗಾಲಯಗಳ ಒರೆಗಲ್ಲು. ಮಾದರಿಯ ಮೇಲೆ ಲೇಸರ್ ಬಿಟ್ಟು ಚದುರಿದ ಬೆಳಕನ್ನು ನೋಡಿದರೆ ತರಂಗಸಂಖ್ಯೆ (ಪ್ರತಿ ಸೆಂಟಿಮೀಟರಿಗೆ) 1350, 1580 ಮತ್ತು 2700ರ ಆಸುಪಾಸಿನಲ್ಲಿ ಮೂರು ಶಿಖರಗಳು ಏಳುತ್ತವೆ. ಮೊದಲನೆಯದು ಎತ್ತರವಿದ್ದರೆ ಜಾಲದಲ್ಲಿ ದೋಷಗಳು ಹೆಚ್ಚು; ಮೂರನೆಯದು ಚೂಪಾಗಿ ಎದ್ದು ನಿಂತಿದ್ದರೆ ಪದರಗಳು ತೆಳು. ಸಸ್ಯಮೂಲದ ಎಷ್ಟೋ ಮಾದರಿಗಳಲ್ಲಿ ಮೊದಲಿನ ಶಿಖರ ದೊಡ್ಡದು, ಮೂರನೆಯದು ಮಸುಕಾದ ದಿಬ್ಬ. ಅಂಥದ್ದು ಉಪಯೋಗವಿಲ್ಲದ ವಸ್ತುವೆಂದಲ್ಲ. ರಂಧ್ರಗಳಿಂದ ತುಂಬಿದ ಅಂಥ ಇಂಗಾಲ ವಿದ್ಯುತ್ತನ್ನು ಕೂಡಿಡುವ ಸೂಪರ್‌ಕೆಪಾಸಿಟರ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ. ಅದನ್ನು ಅದರ ಹೆಸರಿನಿಂದಲೇ ಕರೆದು ಅದರ ಬೆಲೆಗೇ ಮಾರಬೇಕು ಎಂಬುದಷ್ಟೇ ನನ್ನ ಆಗ್ರಹ.

ಇಷ್ಟಾದ ಮೇಲೂ ಸಸ್ಯದ ಕಸಕ್ಕೆ ಬಾಗಿಲು ಮುಚ್ಚಿಲ್ಲ ಎಂದು ನಾನು ನಂಬುವುದಕ್ಕೆ ಕಾರಣ 2020ರಲ್ಲಿ ಅದೇ ಟೂರ್ ಅವರ ಪ್ರಯೋಗಾಲಯದಿಂದ ಬಂದ ಇನ್ನೊಂದು ವಿಧಾನ. ಇಂಗಾಲದ ಪುಡಿಯನ್ನು ಎರಡು ವಿದ್ಯುದ್ವಾರಗಳ ನಡುವೆ ಒತ್ತಿಟ್ಟು, ಕೆಪಾಸಿಟರುಗಳಲ್ಲಿ ತುಂಬಿಟ್ಟ ವಿದ್ಯುತ್ತನ್ನು ಒಮ್ಮೆಗೇ ಹಾಯಿಸಿದರೆ ಪುಡಿಯೇ ಮಿಂಚಿನಂತೆ ಉರಿದು ಕ್ಷಣಮಾತ್ರದಲ್ಲಿ 2700 ಡಿಗ್ರಿಗೂ ಮೇಲೆ ಏರುತ್ತದೆ, ಅಷ್ಟೇ ಬೇಗ ಆರುತ್ತದೆ. ಕುಲುಮೆಯನ್ನು ಗಂಟೆಗಟ್ಟಲೆ ಕಾಯಿಸುವ ಹಂಗಿಲ್ಲ, ಆಮ್ಲವಿಲ್ಲ, ತೊಳೆಯುವ ನೀರಿಲ್ಲ. ಆ ವೇಗದಲ್ಲಿ ಪದರಗಳು ಒಂದರ ಮೇಲೊಂದು ನೇರವಾಗಿ ಕೂರಲು ಸಮಯ ಸಿಗದೆ ತುಸು ತಿರುಚಿ ಕೂರುತ್ತವೆ. ಇಲ್ಲಿ ಅದೊಂದು ಅನುಕೂಲ, ಏಕೆಂದರೆ ಹಾಗೆ ಕೂತ ಪದರಗಳನ್ನು ಆಮೇಲೆ ಬಿಡಿಸುವುದು ಸುಲಭ. ವಿಜ್ಞಾನಿಗಳು ಕೊಟ್ಟ ಲೆಕ್ಕ ಒಂದು ಗ್ರಾಮಿಗೆ 7.2 ಕಿಲೋಜೌಲ್, ಅಂದರೆ ಒಂದು ಕಿಲೋ ಗ್ರಾಫೀನಿಗೆ ಎರಡು ಯೂನಿಟ್ ವಿದ್ಯುತ್. ಕೇಳಲು ನಂಬಲಾಗದಷ್ಟು ಕಡಿಮೆ. ಆದರೆ ಇದು ಮಿಂಚಿನ ಖರ್ಚು ಮಾತ್ರ. ಹಸಿ ಕಸವನ್ನು ಒಣಗಿಸಬೇಕು, ಪುಡಿಮಾಡಬೇಕು, ಮೊದಲು ಇದ್ದಿಲಾಗಿಸಬೇಕು. ವಿದ್ಯುತ್ ಸರಿಯಾಗಿ ಹರಿಯದ ಕಾಫಿ ಚರಟದಂಥದ್ದಕ್ಕೆ ವಿದ್ಯುತ್ ಹರಿಸುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿಯನ್ನು ಸ್ವಲ್ಪ ಬೆರೆಸಬೇಕು. ಹೀಗಾಗಿ ಇಡೀ ಹಸಿರು ಲೆಕ್ಕ ಇದ್ದಿಲು ಮಾಡುವ ಹಂತಕ್ಕೆ ಬಂದು ನಿಲ್ಲುತ್ತದೆ. ತೆರೆದ ಗುಂಡಿಯಲ್ಲೋ ಡ್ರಮ್ಮಿನಲ್ಲೋ ಚಿಪ್ಪು ಸುಟ್ಟರೆ ಹೊಗೆಯ ಜೊತೆ ಮೀಥೇನ್ ಕೂಡ ಗಾಳಿಗೆ ಸೇರುತ್ತದೆ, ಅಲ್ಲಿಗೆ ಮುಂದಿನ ಎಲ್ಲ ಉಳಿತಾಯ ಮುಳುಗಿತು. ಮುಚ್ಚಿದ ಒಲೆಯಲ್ಲಿ ಸುಟ್ಟು, ಹೊರಬಂದ ಅನಿಲವನ್ನೇ ಉರಿಸಿ ಆ ಶಾಖದಿಂದ ಮುಂದಿನ ರಾಶಿಯನ್ನು ಒಣಗಿಸಿದರೆ ಹೊರಗಿನ ಇಂಧನ ಬಹಳ ಬೇಕಾಗುವುದಿಲ್ಲ.

ಹೀಗೆ ಮಾಡಿದ ಗ್ರಾಫೀನ್ ಯಾವ ಕೆಲಸಕ್ಕೆ? ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ದೋಷವಿಲ್ಲದ ಹಾಳೆ ಇದರಿಂದ ಬರದು, ಆ ಆಸೆ ಬೇಡ. ಆದರೆ ಕಾಂಕ್ರೀಟ್, ತುಕ್ಕು ತಡೆಯುವ ಲೇಪ, ರಬ್ಬರ್, ಪ್ಲಾಸ್ಟಿಕ್ಕುಗಳಿಗೆ ಅಂಥ ಪರಿಪೂರ್ಣತೆ ಬೇಕಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8 ಸಿಮೆಂಟ್ ಉದ್ಯಮದ್ದು. 2021ರಲ್ಲಿ ಇಂಗ್ಲೆಂಡಿನ ಏಮ್ಸ್‌ಬರಿಯಲ್ಲಿ ಒಂದು ಜಿಮ್ಮಿನ ನೆಲಕ್ಕೆ ಗ್ರಾಫೀನ್ ಬೆರೆಸಿದ ಕಾಂಕ್ರೀಟ್ ಹಾಕಿದರು, ಬೆರೆಸಿದ್ದು ಅತಿ ಅಲ್ಪ ಪ್ರಮಾಣ. ಲೆಕ್ಕವನ್ನು ಹೀಗೆ ಹಾಕಿ ನೋಡೋಣ. ಒಂದು ಟನ್ ಸಿಮೆಂಟಿಗೆ ಅರ್ಧ ಕಿಲೋ ಗ್ರಾಫೀನ್ ಬೆರೆಸಿದ್ದರಿಂದ ಅದೇ ಬಲಕ್ಕೆ ಶೇ 10ರಷ್ಟು ಸಿಮೆಂಟ್ ಕಡಿಮೆ ಸಾಕಾಯಿತು ಎಂದುಕೊಳ್ಳಿ. ಟನ್ನಿಗೆ ಸುಮಾರು 600 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುವುದರಿಂದ ಉಳಿದದ್ದು 60 ಕಿಲೋ. ಅಂದರೆ ಒಂದು ಕಿಲೋ ಗ್ರಾಫೀನ್ ತಯಾರಿಸುವಾಗ 120 ಕಿಲೋಗಿಂತ ಕಡಿಮೆ ಹೊಮ್ಮಿದ್ದರೆ ಲಾಭ, ಹೆಚ್ಚು ಹೊಮ್ಮಿದ್ದರೆ ನಷ್ಟ. ಮಿಂಚಿನ ಎರಡು ಯೂನಿಟ್ ವಿದ್ಯುತ್ತಿನ ಪಾಲು ನಮ್ಮ ಕಲ್ಲಿದ್ದಲು ವಿದ್ಯುತ್ತಿನಲ್ಲೂ ಎರಡು ಕಿಲೋ ದಾಟದು, ಹಾಗಾಗಿ ಅಂತರ ದೊಡ್ಡದಿದೆ. ಶೇ 10 ಎಂಬುದು ನಾನು ಉದಾಹರಣೆಗೆ ಇಟ್ಟುಕೊಂಡ ಅಂಕಿ. ಪ್ರತಿ ಊರಿನ ಸಿಮೆಂಟು, ಮರಳು, ನೀರಿನ ಜೊತೆ ಅದನ್ನು ಪರೀಕ್ಷಿಸಬೇಕು, ಹತ್ತಿಪ್ಪತ್ತು ವರ್ಷ ಬಾಳುತ್ತದೆಯೇ ಎಂಬುದಕ್ಕೆ ಕಾಲವೇ ಉತ್ತರ ಹೇಳಬೇಕು. ಆದರೆ ಗ್ರಾಫೀನನ್ನು ಅಳೆಯಬೇಕಾದ ಕ್ರಮ ಇದು: ಅದು ಬಂದ ಮೂಲದ ಪಾವಿತ್ರ್ಯ ಬಿಟ್ಟು, ಅದು ಯಾವುದನ್ನು ಕಡಿಮೆ ಮಾಡಿತು ಎಂದು ನೋಡಬೇಕು.

ಇಲ್ಲಿ ರೈತರ ಪರವಾಗಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಕಸ ಎಂದು ನಾವು ಕರೆಯುವುದು ನಿಜವಾಗಿ ಕಸವೇ? ರಾಗಿ ಹುಲ್ಲು ದನದ ಮೇವು, ಅದನ್ನು ಗ್ರಾಫೀನಿಗೆ ಕೊಡುವ ಮಾತೇ ಅನ್ಯಾಯ. ಮಂಡ್ಯ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ವಿದ್ಯುತ್ ಮಾಡಿಕೊಳ್ಳುತ್ತವೆ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಹೊಟ್ಟೇ ಉರುವಲು. ಅದನ್ನು ಕಿತ್ತುಕೊಂಡರೆ ಆ ಬಾಯ್ಲರುಗಳು ಕಲ್ಲಿದ್ದಲನ್ನೋ ಸೌದೆಯನ್ನೋ ಬೇಡುತ್ತವೆ. ಹೊಲದಲ್ಲೇ ಕೊಳೆತ ದಂಟಿನಿಂದ ಮಣ್ಣಿಗೆ ಸತ್ವ ಸಿಗುತ್ತದೆ ಎಂಬುದೂ ಮರೆಯುವ ಮಾತಲ್ಲ. ಈ ಆಕ್ಷೇಪ ಬಹುಪಾಲು ಸರಿ ಎಂದು ಒಪ್ಪುತ್ತೇನೆ. ಗ್ರಾಫೀನಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಬೇರೆ ಉಪಯೋಗವಿಲ್ಲದೆ ಸುಟ್ಟುಹೋಗುವ ಭಾಗ ಮಾತ್ರ: ಹೊಲದಲ್ಲೇ ಬೆಂಕಿ ಹಚ್ಚುವ ಕಬ್ಬಿನ ರವದಿ, ತೊಗರಿ ಮತ್ತು ಹತ್ತಿ ಕಟ್ಟಿಗೆಯಲ್ಲಿ ಒಲೆಗೆ ಹೋಗಿ ಮಿಕ್ಕದ್ದು, ಮಲೆನಾಡಿನಲ್ಲಿ ರಾಶಿಬಿದ್ದು ಕೊಳೆಯುವ ಅಡಿಕೆ ಸಿಪ್ಪೆ. ಆದರೆ ಇಲ್ಲೂ ಭ್ರಮೆ ಬೇಡ. ಪಂಜಾಬು, ಹರಿಯಾಣದ ಕೂಳೆ ಸುಡುವಿಕೆಗೆ ಗ್ರಾಫೀನ್ ಪರಿಹಾರ ಎಂದು ಆಗಾಗ ಕೇಳಿಬರುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಬೆಳೆ ಉಳಿಕೆ ಉಂಟಾಗುತ್ತದೆ ಎಂಬುದು ಸರ್ಕಾರಿ ಅಂದಾಜು, ಅದರಲ್ಲಿ ಸುಡುವುದೇ ಕೋಟಿಗಟ್ಟಲೆ ಟನ್. ಭಾರತದ ಇಡೀ ಸಿಮೆಂಟಿಗೆ, ವರ್ಷಕ್ಕೆ ಸುಮಾರು 40 ಕೋಟಿ ಟನ್ನಿಗೆ, ಟನ್ನಿಗೆ ಅರ್ಧ ಕಿಲೋದಂತೆ ಗ್ರಾಫೀನ್ ಬೆರೆಸಿದರೂ ಬೇಕಾಗುವುದು ಎರಡು ಲಕ್ಷ ಟನ್. ಹತ್ತು ಕಿಲೋ ಉಳಿಕೆಯಿಂದ ಒಂದು ಕಿಲೋ ಎಂದರೂ 20 ಲಕ್ಷ ಟನ್ ಉಳಿಕೆ ಸಾಕು. ಉತ್ತರದ ಹೊಗೆ ಇದರಿಂದ ನಿಲ್ಲುವುದಿಲ್ಲ.

ಆರೋಗ್ಯದ ಆತಂಕವೂ ಇದೆ, ಅದು ಊಹೆಯದ್ದಲ್ಲ. 2021ರ ಏಪ್ರಿಲ್‌ನಲ್ಲಿ ಕೆನಡಾದ ಆರೋಗ್ಯ ಇಲಾಖೆ ಗ್ರಾಫೀನ್ ಅಥವಾ ‘ಬಯೋಮಾಸ್ ಗ್ರಾಫೀನ್’ ಇರುವ ಮುಖಗವಸುಗಳನ್ನು ಬಳಸಬೇಡಿ ಎಂದು ಜನರನ್ನು ಎಚ್ಚರಿಸಿತು. ಕಣಗಳು ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿಯಬಹುದು ಎಂಬುದು ಅದರ ಭಯ. ಜುಲೈಯಲ್ಲಿ ಪರೀಕ್ಷೆ ಮುಗಿಸಿ, ಒಂದು ಚೀನೀ ಕಂಪನಿಯ ನಾಲ್ಕು ಮಾದರಿಗಳಿಂದ ಅಂಥ ಅಪಾಯವಿಲ್ಲ ಎಂದು ಮತ್ತೆ ಮಾರಾಟಕ್ಕೆ ಬಿಟ್ಟಿತು. 2024ರಲ್ಲಿ ಎಡಿನ್‌ಬರೋ ಮತ್ತು ಮ್ಯಾಂಚೆಸ್ಟರ್ ಸಂಶೋಧಕರು 14 ಸ್ವಯಂಸೇವಕರಿಗೆ ಅತಿ ಸೂಕ್ಷ್ಮ, ಶುದ್ಧ ಗ್ರಾಫೀನ್ ಆಕ್ಸೈಡನ್ನು (ಆಮ್ಲಜನಕ ಸೇರಿದ ಗ್ರಾಫೀನ್) ಉಸಿರಾಡಿಸಿ ನೋಡಿದಾಗ ಅಲ್ಪಾವಧಿಯಲ್ಲಿ ಹಾನಿ ಕಾಣಲಿಲ್ಲ. ಧೈರ್ಯ ಕೊಡುವ ಫಲಿತಾಂಶ ಹೌದು, ಆದರೆ ವರ್ಷಗಟ್ಟಲೆ ಧೂಳಿನ ನಡುವೆ ದುಡಿಯುವ ಕಾರ್ಮಿಕನಿಗೆ ಅದು ಉತ್ತರವಲ್ಲ. ಗ್ರಾಫೀನ್ ಪುಡಿಯನ್ನು ಒಣದಾಗಿ ಚೀಲಕ್ಕೆ ತುಂಬಿ ಸಾಗಿಸುವ ಬದಲು ತಯಾರಾದಲ್ಲೇ ನೀರಿನಲ್ಲಿ ಕದಡಿ ದ್ರವವಾಗಿ ಕಳಿಸಿದರೆ ಅಪಾಯದ ದೊಡ್ಡ ಭಾಗ ಅಲ್ಲೇ ತಗ್ಗುತ್ತದೆ. ಕಾಂಕ್ರೀಟಿಗೆ ಬೇಕಾದದ್ದೂ ಅದೇ ರೂಪ.

ಕೊನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಬಲವಾದದ್ದಾಗಿ ಕಾಣುತ್ತದೆ: ಇದ್ದಿಲನ್ನು ಇದ್ದಿಲಾಗಿಯೇ ಬಳಸಬಾರದೇಕೆ? ಮಣ್ಣಿಗೆ ಸೇರಿಸಿದ ಇದ್ದಿಲು ನೂರಾರು ವರ್ಷ ಇಂಗಾಲವನ್ನು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ 2700 ಡಿಗ್ರಿಯ ಅಗತ್ಯವಿಲ್ಲ. ಚಿಪ್ಪಿನ ಇದ್ದಿಲಿನಿಂದ ನೀರು ಸೋಸುವ ಆಕ್ಟಿವೇಟೆಡ್ ಕಾರ್ಬನ್ ಮಾಡುವ ಉದ್ಯಮ ಭಾರತದಲ್ಲಿ ಬಹುಕಾಲದಿಂದ ಇದೆ. ಫ್ರಾಂಕ್ಲಿನ್ ಗುರುತಿಸಿದ, ಗ್ರಾಫೈಟಾಗಲು ಒಲ್ಲದ ಇಂಗಾಲಕ್ಕೆ ಇಂದು ‘ಹಾರ್ಡ್ ಕಾರ್ಬನ್’ ಎಂಬ ಹೆಸರಿನಲ್ಲಿ ಹೊಸ ಬೇಡಿಕೆ ಹುಟ್ಟಿದೆ. ಲಿಥಿಯಂ ಬ್ಯಾಟರಿಯಲ್ಲಿ ಗ್ರಾಫೈಟ್ ಮಾಡುವ ಕೆಲಸವನ್ನು ಸೋಡಿಯಂ ಬ್ಯಾಟರಿಯಲ್ಲಿ ಗ್ರಾಫೈಟ್ ಮಾಡಲಾರದು, ಸೋಡಿಯಂ ಗ್ರಾಫೈಟಿನ ಪದರಗಳ ನಡುವೆ ನಿಲ್ಲುವುದಿಲ್ಲ. ಹಾರ್ಡ್ ಕಾರ್ಬನ್ನಿನ ಅಡ್ಡಾದಿಡ್ಡಿ ಪದರಗಳ ಸಂದುಗಳಲ್ಲಿ ಚೆನ್ನಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ 1000ದಿಂದ 1400 ಡಿಗ್ರಿಯಲ್ಲಿ, ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿದರೆ ಹಾರ್ಡ್ ಕಾರ್ಬನ್ ಸಿದ್ಧ. ಸಸ್ಯದ ಸ್ವಭಾವದ ವಿರುದ್ಧ ಹೋಗಬೇಕಾಗಿಲ್ಲ. ಜಪಾನಿನ ಕುರಾರೇ ಕಂಪನಿ ಸಸ್ಯಮೂಲದ ಇಂಥ ಇಂಗಾಲವನ್ನು ಬ್ಯಾಟರಿಗಳಿಗಾಗಿ ಈಗಾಗಲೇ ಮಾರುತ್ತಿದೆ. ಬೂದಿ ಬಹಳ ಕಡಿಮೆ, ಲಿಗ್ನಿನ್ ಹೇರಳ ಇರುವ ತೆಂಗಿನ ಚಿಪ್ಪು ಈ ಕೆಲಸಕ್ಕೆ ಹೇಳಿಮಾಡಿಸಿದ ವಸ್ತು. ತಿಪಟೂರು, ತುರುವೇಕೆರೆ ಸೀಮೆಯ ಚಿಪ್ಪಿಗೆ ಗ್ರಾಫೀನಿಗಿಂತ ಮೊದಲು ನೋಡಬೇಕಾದ ಮಾರುಕಟ್ಟೆ ಇದೇ.